ಡ್ಯೂಟಿ ಮುಗಿದ ಮೇಲೆ ಬೆಳಕಿನ ಹಿಂದೆ ಬಿದ್ದವ

ಆಗಸ್ಟಿನ್ ಫ್ರೆನೆಲ್ ಹೆಸರು ನಮಗೆ ಸಿಗುವುದು ಎಂಜಿನಿಯರಿಂಗ್ ಫಿಸಿಕ್ಸ್ ನೋಟ್ಸ್‌ನಲ್ಲಿ. ಒಂದು ಡಿರೈವೇಷನ್, ಒಂದಷ್ಟು ಮಾರ್ಕ್ಸು, ಅಲ್ಲಿಗೆ ಮುಗಿಯಿತು. ಆತನೂ ಎಂಜಿನಿಯರೇ, ಅದೂ ರಸ್ತೆ ಹಾಕಿಸುತ್ತಿದ್ದ ಸಿವಿಲ್ ಎಂಜಿನಿಯರ್ ಎಂದು ಗೊತ್ತಾದ ಮೇಲೆ ನನಗೆ ಕುತೂಹಲ ಹುಟ್ಟಿತು.

1788ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹುಟ್ಟಿದ ಹುಡುಗ. ಎಂಟು ವರ್ಷವಾದರೂ ಓದು ಸರಿಯಾಗಿ ಬರುತ್ತಿರಲಿಲ್ಲ. ಆದರೆ ಮರದ ಕೊಂಬೆಯಿಂದ ಆಟದ ಬಿಲ್ಲು, ಬಂದೂಕು ಮಾಡುವುದರಲ್ಲಿ ಎತ್ತಿದ ಕೈ. 16ಕ್ಕೆ ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್ ಸೇರಿದ. ಆಮೇಲೆ ರಸ್ತೆ-ಸೇತುವೆಗಳ ಕಾಲೇಜು, ಸರ್ಕಾರಿ ನೌಕರಿ. ನಮ್ಮ ಲೆಕ್ಕದಲ್ಲಿ ಸೆಟ್ಲ್ ಆದಂತೆಯೇ! ಆದರೆ ಕೂಲಿಯಾಳುಗಳನ್ನು ಗದರಿಸಿ ಕೆಲಸ ತೆಗೆಸುವುದು ಆ ಮೆದು ಸ್ವಭಾವದವನಿಗೆ ಒಗ್ಗಲಿಲ್ಲ. ದಕ್ಷಿಣದ ನ್ಯೋನ್ಸ್ ಊರಿನಲ್ಲಿ ರಸ್ತೆ ಕೆಲಸದಲ್ಲಿದ್ದಾಗ, ಬಿಡುವಿನಲ್ಲಿ ಬೆಳಕಿನ ಬಗ್ಗೆ ಯೋಚಿಸತೊಡಗಿದ.

1815ರಲ್ಲಿ ನೆಪೋಲಿಯನ್ ಮರಳಿ ಬಂದ. ಫ್ರೆನೆಲ್ ಆತನ ವಿರೋಧಿಗಳ ಜತೆ ಸೇರಿ ಕೆಲಸ ಕಳೆದುಕೊಂಡ. ಪೊಲೀಸರ ಕಣ್ಗಾವಲಿನಲ್ಲಿ ತಾಯಿಯ ಊರಾದ ಮಾತ್ಯೂ ಸೇರಿದ. ಅಲ್ಲಿ ಲ್ಯಾಬ್ ಎಲ್ಲಿಂದ ಬರಬೇಕು? ತಾಮ್ರದ ತಗಡಿನ ಸಣ್ಣ ತೂತಿಗೆ ಜೇನುತುಪ್ಪದ ಹನಿ ಇಟ್ಟ; ಅದೇ ಲೆನ್ಸ್. ಅಳತೆಯ ಉಪಕರಣವನ್ನು ಊರಿನ ಬೀಗ ಮಾಡುವವನಿಂದ ಮಾಡಿಸಿಕೊಂಡ. ಇಷ್ಟರಲ್ಲೇ, ನೆರಳಿನ ಅಂಚಿನಲ್ಲಿ ಕಾಣುವ ಗೆರೆಗಳಿಗೆ ಬೆಳಕು ಅಲೆಯಾಗಿರುವುದೇ ಕಾರಣವೆಂದು ಲೆಕ್ಕ ಸಮೇತ ತೋರಿಸಿದ.

ನೌಕರಿ ವಾಪಸ್ ಸಿಕ್ಕಿತು. ಮುಂದೆ ರಜೆ ಪಡೆಯಲು ಪರದಾಡಿಯೇ ಸಂಶೋಧನೆ ನಡೆಯಿತು. ಆತನ ಪ್ರಬಂಧ ಅಕಾಡೆಮಿ ಬಹುಮಾನದ ಸ್ಪರ್ಧೆಗೆ ಹೋದಾಗ, ತೀರ್ಪುಗಾರರಲ್ಲಿ ಒಬ್ಬನಾದ ಪಾಯ್ಸನ್ ಒಂದು ಕೊಕ್ಕೆ ಹಾಕಿದ. ಈ ಲೆಕ್ಕ ನಿಜವಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕಿ ಇರಬೇಕಾಗುತ್ತದೆ, ಅದು ಹೇಗೆ ಸಾಧ್ಯ ಎಂಬುದು ಆತನ ತಕರಾರು. ಅರಾಗೊ ಎಂಬ ವಿಜ್ಞಾನಿ 2 ಮಿಲಿಮೀಟರ್ ಬಿಲ್ಲೆ ಇಟ್ಟು ನೋಡಿದ. ಚುಕ್ಕಿ ಇತ್ತು! 1819ರಲ್ಲಿ ಬಹುಮಾನ ಫ್ರೆನೆಲ್‌ಗೆ ಬಂತು. ತಮಾಷೆ ಎಂದರೆ, ಆ ಚುಕ್ಕಿಗೆ ಇಂದಿಗೂ ಪಾಯ್ಸನ್‌ನದೇ ಹೆಸರು.

ಅದೇ ವರ್ಷ ಆತನನ್ನು ಲೈಟ್‌ಹೌಸ್ ಆಯೋಗಕ್ಕೆ ಹಾಕಿದರು. ಕನ್ನಡಿ ಹಾಕಿದ ಅಂದಿನ ದೀಪಗಳಲ್ಲಿ ಬಹಳಷ್ಟು ಬೆಳಕು ಪೋಲಾಗುತ್ತಿತ್ತು. ದೊಡ್ಡ ಲೆನ್ಸ್ ಬಳಸೋಣವೆಂದರೆ ಗಾಜು ದಪ್ಪ, ಭಾರ. ಫ್ರೆನೆಲ್ ಯೋಚಿಸಿದ: ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ ಮಾತ್ರ, ಒಳಗಿನ ಗಾಜು ಬರೀ ಹೊರೆ. ಅದನ್ನು ತೆಗೆದು, ಬಾಗಿದ ಮೇಲ್ಮೈಯನ್ನಷ್ಟೇ ಉಂಗುರ ಉಂಗುರವಾಗಿ ಜೋಡಿಸಿದ. ಇಂಥ ಮೆಟ್ಟಿಲು ಲೆನ್ಸ್‌ನ ಯೋಚನೆ ಬುಫಾನ್‌ಗೆ ಮೊದಲೇ ಬಂದಿತ್ತು. ಆದರೆ ತುಂಡು ತುಂಡಾಗಿ ಮಾಡಿ ಲೈಟ್‌ಹೌಸ್‌ಗೆ ಏರಿಸಿದವನು ಫ್ರೆನೆಲ್. 1823ರಲ್ಲಿ ಕೋರ್ದುವಾನ್ ಲೈಟ್‌ಹೌಸ್‌ನ ಬೆಳಕು 30 ಕಿಲೋಮೀಟರ್‌ಗೂ ಆಚೆಗಿನ ಹಡಗುಗಳಿಗೆ ಕಂಡಿತು.

ಓವರ್‌ಹೆಡ್ ಪ್ರೊಜೆಕ್ಟರ್‌ನ ಗಾಜಿನ ಕೆಳಗಿರುವ ಉಂಗುರಗಳ ಹಾಳೆಯೂ ಇದೇ. ಈಗ ಸುದ್ದಿಯಲ್ಲಿರುವ ಚಪ್ಪಟೆ ಮೆಟಾಲೆನ್ಸ್ ಇದರ ಮೊಮ್ಮಗ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಗಾಜಿನ ಮೆಟ್ಟಿಲುಗಳ ಬದಲು ಕೂದಲೆಳೆಗಿಂತ ಎಷ್ಟೋ ಸಣ್ಣ ಕಂಬಗಳು ಬೆಳಕಿನ ಅಲೆಯನ್ನು ಬೇಕಾದಷ್ಟು ತಡೆದು ಬಿಡುತ್ತವೆ. ಆ ಕಂಬಗಳನ್ನು ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿಯಲ್ಲಿದ್ದ ಜರ್ಮೇನಿಯಂ-ಆಂಟಿಮನಿ-ಟೆಲ್ಯೂರಿಯಂ ಬಗೆಯ ವಸ್ತುವಿನಿಂದ ಮಾಡಿದರೆ ಇನ್ನೊಂದು ಲಾಭವಿದೆ. ಬಿಸಿ ಮಾಡಿದಾಗ ಅಣುಗಳ ಜೋಡಣೆ ಬದಲಾಗುತ್ತದೆ, ವಕ್ರೀಭವನ ಸೂಚ್ಯಂಕವೂ ಬದಲಾಗುತ್ತದೆ. ಹಾಗಾಗಿ ಲೆನ್ಸ್ ಅಲುಗಾಡದೆಯೇ ಫೋಕಸ್ ಬದಲಾಗುತ್ತದೆ. 2021ರಲ್ಲಿ ಅಮೆರಿಕದ ಎಂಐಟಿ ತಂಡ ಇನ್‌ಫ್ರಾರೆಡ್ ಬೆಳಕಿನಲ್ಲಿ ಇದನ್ನು ಮಾಡಿ ತೋರಿಸಿತು. ಮೊಬೈಲ್ ಕ್ಯಾಮೆರಾದಲ್ಲಿ ಲೆನ್ಸ್ ಸರಿಸಲು ಪುಟ್ಟ ಮೋಟಾರ್ ಇರುತ್ತದಲ್ಲ, ಅದರ ಕೆಲಸವನ್ನು ವಸ್ತುವೇ ಮಾಡಿದಂತೆ.

ಫ್ರೆನೆಲ್‌ಗೆ ಕ್ಷಯವಿತ್ತು. ಆದರೂ ಖರ್ಚಿಗೆಂದು ಪಾಲಿಟೆಕ್ನಿಕ್‌ನಲ್ಲಿ ಪರೀಕ್ಷಕನ ಕೆಲಸವನ್ನೂ ಹೊತ್ತಿದ್ದ. 1824ರಲ್ಲಿ ದೇಹ ಕೈಕೊಟ್ಟಾಗ ಅದನ್ನು ಬಿಟ್ಟ, ಲೈಟ್‌ಹೌಸ್ ಬಿಡಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ರಮ್‌ಫೋರ್ಡ್ ಪದಕವನ್ನು ಅರಾಗೊ ತಂದು ಕೈಗಿಟ್ಟಾಗ ಆತ ಸಾವಿನ ಹಾಸಿಗೆಯಲ್ಲಿದ್ದ. 1827ರ ಜುಲೈ 14ರಂದು ತೀರಿಕೊಂಡಾಗ 39 ವರ್ಷ. ಉಳಿದ ಲೈಟ್‌ಹೌಸ್‌ಗಳ ಕೆಲಸವನ್ನು ತಮ್ಮ ಲಿಯೊನಾರ್ ಕೈಗೆತ್ತಿಕೊಂಡ.