ವಿನಾಯಕ ಕೃಷ್ಣ ಗೋಕಾಕ

ವಿನಾಯಕ ಕೃಷ್ಣ ಗೋಕಾಕ (9 ಆಗಸ್ಟ್ 1909 – 28 ಏಪ್ರಿಲ್ 1992) ಕನ್ನಡದ ಪ್ರಮುಖ ಕವಿ, ಕಾದಂಬರಿಕಾರ, ವಿಮರ್ಶಕ ಹಾಗೂ ಶಿಕ್ಷಣತಜ್ಞರು. 'ವಿನಾಯಕ' ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಇವರು ಜ್ಞಾನಪೀಠ ಪ್ರಶಸ್ತಿ ಪಡೆದ ಐದನೆಯ ಕನ್ನಡ ಸಾಹಿತಿ. ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ, ಭಾರತದ ಶಾಲೆಗಳಲ್ಲಿ ಇಂಗ್ಲಿಷನ್ನು ಮಾತಿನ ಅಭ್ಯಾಸದ ಮೂಲಕ ಕಲಿಸುವ ಕ್ರಮವು ಬೇರೂರುತ್ತಿದ್ದ ಕಾಲದಲ್ಲಿ ಅದರ ಮುಂಚೂಣಿಯಲ್ಲಿದ್ದರು. ಮುಂದೆ ಇವರ ಅಧ್ಯಕ್ಷತೆಯ ಸಮಿತಿಯ ವರದಿಯೇ ಕರ್ನಾಟಕದಲ್ಲಿ ಕನ್ನಡದ ಅಗ್ರಸ್ಥಾನಕ್ಕಾಗಿ ನಡೆದ ಗೋಕಾಕ್ ಚಳವಳಿಗೆ ಕಾರಣವಾಯಿತು.

ಜನನ ಮತ್ತು ವಿದ್ಯಾಭ್ಯಾಸ

ಗೋಕಾಕರು ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಜನಿಸಿದರು. ಆಗ ಸವಣೂರು ನವಾಬರ ಆಳ್ವಿಕೆಯಲ್ಲಿದ್ದ ಪುಟ್ಟ ಸಂಸ್ಥಾನವಾಗಿತ್ತು. ಕನ್ನಡ, ಉರ್ದು, ಮರಾಠಿ ಮೂರೂ ಕಿವಿಗೆ ಬೀಳುತ್ತಿದ್ದ ಪರಿಸರ ಅದು. ಉನ್ನತ ವಿದ್ಯಾಭ್ಯಾಸ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ನಡೆಯಿತು. ಅಲ್ಲಿಯೇ ದ. ರಾ. ಬೇಂದ್ರೆಯವರ ಸಂಪರ್ಕ ಒದಗಿ, ಅವರ ನೇತೃತ್ವದ ಗೆಳೆಯರ ಗುಂಪಿನಲ್ಲಿ ಗೋಕಾಕರು ಪ್ರಮುಖ ಸದಸ್ಯರಾದರು. ಇಂಗ್ಲಿಷ್ ಸಾಹಿತ್ಯವನ್ನು ಓದುತ್ತಿದ್ದ ತರುಣ ಕನ್ನಡದಲ್ಲಿ ಬರೆಯತೊಡಗಿದ್ದು ಈ ಗೆಳೆತನದ ಫಲ.

1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ವೃತ್ತಿಜೀವನ ಆರಂಭಿಸಿದರು. 1936ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದರು. ಈ ಸಮುದ್ರಯಾನದ ಅನುಭವ 'ಸಮುದ್ರ ಗೀತೆಗಳು' ಸಂಕಲನದ ಕವಿತೆಗಳಿಗೆ ಪ್ರೇರಣೆ ನೀಡಿತು.

ಅಧ್ಯಾಪಕ ವೃತ್ತಿ

ಭಾರತಕ್ಕೆ ಮರಳಿದ ಬಳಿಕ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜು, ಗುಜರಾತಿನ ವಿಸನಗರದ ಕಾಲೇಜು ಮತ್ತು ಕೊಲ್ಲಾಪುರದ ರಾಜಾರಾಮ ಕಾಲೇಜುಗಳಲ್ಲಿ ಸೇವೆ ಸಲ್ಲಿಸಿದರು. 1952ರಲ್ಲಿ ತಾವು ಓದಿದ ಧಾರವಾಡದ ಕರ್ನಾಟಕ ಕಾಲೇಜಿಗೇ ಪ್ರಾಂಶುಪಾಲರಾಗಿ ಬಂದರು. 1958ರಲ್ಲಿ ಬಳ್ಳಾರಿಯಲ್ಲಿ ನಡೆದ 40ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಅದರ ಮರುವರ್ಷವೇ ಅವರು ಧಾರವಾಡವನ್ನು ಬಿಟ್ಟು ಹೈದರಾಬಾದಿಗೆ ತೆರಳಿ, ಇಡೀ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಹೊಣೆಯನ್ನು ಹೊತ್ತರು.

ಕೇಂದ್ರೀಯ ಇಂಗ್ಲಿಷ್ ಸಂಸ್ಥೆ

ಸ್ವಾತಂತ್ರ್ಯಾನಂತರ ಬಹುಪಾಲು ರಾಜ್ಯಗಳಲ್ಲಿ ಪ್ರೌಢಶಾಲೆಯ ಬೋಧನಾ ಮಾಧ್ಯಮ ಪ್ರಾದೇಶಿಕ ಭಾಷೆಗೆ ಬದಲಾಯಿತು. ಇಂಗ್ಲಿಷ್ ಒಂದು ಪಠ್ಯವಿಷಯವಾಗಿ ಮಾತ್ರ ಉಳಿದು, ಅದಕ್ಕೆ ದೊರೆಯುತ್ತಿದ್ದ ಅವಧಿಗಳು ಕಡಿಮೆಯಾದವು. ಶಿಕ್ಷಕರ ಕೈಯಲ್ಲಿದ್ದ ಬೋಧನಾ ಕ್ರಮ ಮಾತ್ರ ಹಳೆಯದಾಗಿಯೇ ಇತ್ತು. ಪಾಠವನ್ನು ವಾಕ್ಯವಾಕ್ಯವಾಗಿ ಅನುವಾದಿಸುವುದು, ವ್ಯಾಕರಣದ ಸೂತ್ರಗಳನ್ನು ಕಂಠಪಾಠ ಮಾಡಿಸುವುದು, ವಾಕ್ಯಗಳನ್ನು ಬಿಡಿಸಿ ಪದಗಳ ಜಾತಿ ಹೇಳಿಸುವುದು ಅದರ ಮುಖ್ಯ ಅಂಗಗಳು. ಹೀಗೆ ಕಲಿತ ವಿದ್ಯಾರ್ಥಿಗೆ ಕಾಲ, ವಿಭಕ್ತಿ, ಪ್ರಯೋಗಗಳ ಲಕ್ಷಣ ತಿಳಿದಿರುತ್ತಿತ್ತು. ಒಂದು ಸರಳ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಬರುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಲು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಬ್ರಿಟಿಷ್ ಕೌನ್ಸಿಲ್ ಮತ್ತು ಫೋರ್ಡ್ ಫೌಂಡೇಶನ್ ಇದಕ್ಕೆ ನೆರವು ನೀಡಿದವು. 1959ರಿಂದ ಗೋಕಾಕರು ಇದರ ನಿರ್ದೇಶಕರಾಗಿದ್ದರು. ವಿವಿಧ ರಾಜ್ಯಗಳಿಂದ ಬಂದ ಶಿಕ್ಷಕರಿಗೂ ಶಿಕ್ಷಕರ ತರಬೇತುದಾರರಿಗೂ ಇಲ್ಲಿ ಧ್ವನಿಶಾಸ್ತ್ರ, ಮಾತಿನ ಇಂಗ್ಲಿಷ್ ಮತ್ತು ಬೋಧನಾ ವಿಧಾನಗಳಲ್ಲಿ ಶಿಕ್ಷಣ ನೀಡಲಾಗುತ್ತಿತ್ತು. ಈ ಸಂಸ್ಥೆಗೆ 1972ರಲ್ಲಿ ಕೇಂದ್ರೀಯ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ಸಂಸ್ಥೆ ಎಂಬ ಹೆಸರಾಯಿತು. ಇಂದು ಅದು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿದೆ.

ರಚನಾ ಪದ್ಧತಿ ಮತ್ತು ಜೋಡಿ ಮಾತಿನ ಅಭ್ಯಾಸ

ಆ ಕಾಲದ ತರಬೇತಿಯ ಕೇಂದ್ರದಲ್ಲಿದ್ದುದು ರಚನಾ ಪದ್ಧತಿ. ಇದರ ಬೇರುಗಳು ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯನ್ನು ರೂಪಿಸಿದ ಹೆರಾಲ್ಡ್ ಪಾಮರ್ ಮತ್ತು ಎ. ಎಸ್. ಹಾರ್ನ್‌ಬಿ ಅವರ ಕೆಲಸದಲ್ಲಿವೆ. ಭಾಷೆಯ ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದು ಬಾರಿಗೆ ಒಂದೇ ರಚನೆಯನ್ನು ಸನ್ನಿವೇಶದ ಮೂಲಕ ಪರಿಚಯಿಸಿ, ಬಾಯಿಮಾತಿನಲ್ಲಿ ರೂಢಿಸಿದ ಮೇಲೆಯೇ ಓದು ಬರಹಕ್ಕೆ ಹೋಗಬೇಕೆಂಬುದು ಇದರ ತಿರುಳು.

ತರಗತಿಯಲ್ಲಿ ಅಭ್ಯಾಸವು ಹಂತಹಂತವಾಗಿ ಸಾಗುತ್ತದೆ. ಮೊದಲು ಶಿಕ್ಷಕರು ವಸ್ತುವನ್ನು ತೋರಿಸಿ ಇಲ್ಲವೇ ಕ್ರಿಯೆಯನ್ನು ಮಾಡಿ ವಾಕ್ಯವನ್ನು ಹೇಳುತ್ತಾರೆ. ತರಗತಿ ಒಟ್ಟಾಗಿ ಅದನ್ನು ಪುನರುಚ್ಚರಿಸುತ್ತದೆ. ಬಳಿಕ ಶಿಕ್ಷಕರು ಒಬ್ಬೊಬ್ಬರನ್ನು ಪ್ರಶ್ನಿಸುತ್ತಾರೆ. ಕೊನೆಗೆ ಒಬ್ಬ ವಿದ್ಯಾರ್ಥಿ ಮತ್ತೊಬ್ಬನನ್ನು ಕೇಳಿ ಉತ್ತರ ಪಡೆಯುವ ಹಂತ ಬರುತ್ತದೆ. ಐವತ್ತು ಮಕ್ಕಳ ತರಗತಿಯಲ್ಲಿ ನಲವತ್ತು ನಿಮಿಷದ ಅವಧಿಯನ್ನು ಎಲ್ಲರಿಗೂ ಹಂಚಿದರೆ ಒಬ್ಬೊಬ್ಬರಿಗೆ ಒಂದು ನಿಮಿಷವೂ ದಕ್ಕುವುದಿಲ್ಲ. ಅಕ್ಕಪಕ್ಕದವರು ಜೋಡಿಯಾಗಿ ಮಾತನಾಡಿದರೆ ಏಕಕಾಲಕ್ಕೆ ಅರ್ಧ ತರಗತಿಯೇ ಮಾತನಾಡುತ್ತಿರುತ್ತದೆ. ಜೋಡಿ ಅಭ್ಯಾಸದ ಪ್ರಯೋಜನ ಈ ಸರಳ ಲೆಕ್ಕದಲ್ಲಿದೆ.

ಕನ್ನಡ ಮಾತನಾಡುವ ಮಗುವಿಗೆ ಈ ಅಭ್ಯಾಸ ಇನ್ನೂ ಒಂದು ಕಾರಣಕ್ಕೆ ಉಪಯುಕ್ತ. ಕನ್ನಡದಲ್ಲಿ 'ಇದು ಪುಸ್ತಕ' ಎಂಬ ವಾಕ್ಯಕ್ಕೆ ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ 'ಈಸ್' ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಕನ್ನಡದಲ್ಲಿ ಪದದ ಕೊನೆಗೆ ಒಂದು ಪ್ರತ್ಯಯ ಸೇರಿಸಿದರೆ ಪ್ರಶ್ನೆಯಾಗುತ್ತದೆ. ಇಂಗ್ಲಿಷಿನಲ್ಲಿ ಪದಗಳ ಸ್ಥಾನವೇ ಬದಲಾಗಬೇಕು. 'ಹಿ ಗೋಸ್ ಟು ಸ್ಕೂಲ್' ಎಂಬುದು ಪ್ರಶ್ನೆಯಾದಾಗ 'ಡಸ್ ಹಿ ಗೋ ಟು ಸ್ಕೂಲ್' ಎಂದಾಗುತ್ತದೆ. ಕ್ರಿಯಾಪದದ ಕೊನೆಯ ಸಕಾರ ಅಲ್ಲಿಂದ ಕಳಚಿ ಸಹಾಯಕ ಕ್ರಿಯಾಪದಕ್ಕೆ ಹೋಗುತ್ತದೆ. ಈ ಸೂತ್ರವನ್ನು ಬರೆದು ಕಲಿಸಬಹುದು. ಆದರೆ ಒಬ್ಬ ಕೇಳಿ ಇನ್ನೊಬ್ಬ ಉತ್ತರಿಸುವಾಗ ಪ್ರಶ್ನೆ, ನಿಷೇಧ, ಹೇಳಿಕೆ ಮೂರೂ ರೂಪಗಳು ಸರದಿಯಂತೆ ಬಾಯಿಗೆ ಬರುತ್ತವೆ. 'ಯು' ಎಂದು ಕೇಳಿದ್ದಕ್ಕೆ 'ಐ' ಎಂದು ಉತ್ತರಿಸಬೇಕಾಗುವುದರಿಂದ ಪುರುಷವಾಚಕಗಳ ಬಳಕೆಯೂ ತಾನಾಗಿಯೇ ಅಭ್ಯಾಸವಾಗುತ್ತದೆ. ಸಂಭಾಷಣೆಗೆ ಇಬ್ಬರು ಬೇಕು. ಸರ್ವನಾಮದ ಪಾಠಕ್ಕೂ ಇಬ್ಬರು ಬೇಕು.

ಈ ಪದ್ಧತಿ ದಕ್ಷಿಣ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗವಾಯಿತು. 1950ರ ದಶಕದ ಕೊನೆಯಲ್ಲಿ ಮದ್ರಾಸ್ ರಾಜ್ಯದಲ್ಲಿ ಸುಮಾರು 27,000 ಶಿಕ್ಷಕರಿಗೆ ಮರುತರಬೇತಿ ನೀಡುವ ಆಂದೋಲನ ಆರಂಭವಾಯಿತು. 1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾಯಿತು. ಇಂದು ಅದು ಜ್ಞಾನಭಾರತಿ ಆವರಣದಲ್ಲಿದೆ. 1964ರಲ್ಲಿ ಗೋಕಾಕರು ಭಾರತದಲ್ಲಿ ಇಂಗ್ಲಿಷಿನ ಸ್ಥಾನ ಮತ್ತು ಭವಿಷ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು.

ಬೆಂಗಳೂರಿನ ವರ್ಷಗಳು

1960ರ ದಶಕದ ಉತ್ತರಾರ್ಧದಲ್ಲಿ ಗೋಕಾಕರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1964ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ಆಗಿನ್ನೂ ಎಳೆಯದು. ಬಸವನಗುಡಿ ಮತ್ತು ಜಯನಗರದ ನ್ಯಾಷನಲ್ ಕಾಲೇಜುಗಳೂ ಸೇರಿದಂತೆ ದಕ್ಷಿಣ ಬೆಂಗಳೂರಿನ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿದ್ದವು. ಕನ್ನಡ ಮಾಧ್ಯಮದಲ್ಲಿ ಪ್ರೌಢಶಾಲೆ ಮುಗಿಸಿ ಬಂದು, ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಗಳನ್ನು ಕೇಳಬೇಕಾದ ವಿದ್ಯಾರ್ಥಿಗಳ ಪರದಾಟ ಇಂತಹ ಎಲ್ಲ ಕಾಲೇಜುಗಳಲ್ಲಿಯೂ ಕಾಣುತ್ತಿತ್ತು. ಶಾಲೆಯ ಇಂಗ್ಲಿಷ್ ಪಾಠ ಗಟ್ಟಿಯಾಗದಿದ್ದರೆ ಅದರ ಹೊರೆ ಬಡ ಮತ್ತು ಗ್ರಾಮೀಣ ವಿದ್ಯಾರ್ಥಿಯ ಮೇಲೆಯೇ ಬೀಳುತ್ತಿತ್ತು.

ಮುಂದೆ ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿ, ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆಯ ಮೊದಲ ಕುಲಪತಿಗಳಾಗಿ, 1983ರಿಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿ ಕಾರ್ಯನಿರ್ವಹಿಸಿದರು.

ಗೋಕಾಕ್ ವರದಿ

1980ರಲ್ಲಿ ಆರ್. ಗುಂಡೂರಾವ್ ನೇತೃತ್ವದ ಕರ್ನಾಟಕ ಸರ್ಕಾರವು ಶಾಲಾ ಭಾಷಾನೀತಿಯನ್ನು ಪರಿಶೀಲಿಸಲು ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಂಸ್ಕೃತ ಮೊದಲಾದ ಭಾಷೆಗಳನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು, ಕನ್ನಡವನ್ನು ಓದದೆಯೇ ಪ್ರೌಢಶಾಲೆ ಮುಗಿಸಲು ಆಗ ಅವಕಾಶವಿತ್ತು. 1981ರ ಜನವರಿಯಲ್ಲಿ ಸಲ್ಲಿಕೆಯಾದ ವರದಿ, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕಗಳಿರಬೇಕು ಎಂದು ಶಿಫಾರಸು ಮಾಡಿತು. ಉಳಿದ ಎರಡು ಭಾಷೆಗಳಿಗೆ ತಲಾ 100 ಅಂಕಗಳನ್ನು ಸೂಚಿಸಿತು.

ವರದಿಯ ಜಾರಿಗಾಗಿ ಸಾಹಿತಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು ಹೋರಾಟಕ್ಕಿಳಿದರು. 1982ರಲ್ಲಿ ನಟ ಡಾ. ರಾಜಕುಮಾರ್ ನೇತೃತ್ವ ವಹಿಸಿದ ಮೇಲೆ ಅದು ರಾಜ್ಯವ್ಯಾಪಿ ಜನಾಂದೋಲನವಾಯಿತು. ಭಾಷಾ ಅಲ್ಪಸಂಖ್ಯಾತರಿಂದ ವಿರೋಧವೂ ವ್ಯಕ್ತವಾಯಿತು. ಸರ್ಕಾರ ಅದೇ ವರ್ಷ ಕನ್ನಡಕ್ಕೆ ಪ್ರಾಧಾನ್ಯ ನೀಡುವ ಆದೇಶ ಹೊರಡಿಸಿತು. ಭಾಷಾನೀತಿಯ ವಿವಾದ ನಂತರ ನ್ಯಾಯಾಲಯಗಳ ಮೆಟ್ಟಿಲನ್ನೂ ಏರಿತು.

ಜೀವನದ ಬಹುಭಾಗವನ್ನು ಇಂಗ್ಲಿಷ್ ಬೋಧನೆಗೆ ಮೀಸಲಿಟ್ಟವರ ಹೆಸರು ಕನ್ನಡದ ಹೋರಾಟಕ್ಕೆ ಅಂಟಿಕೊಂಡದ್ದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸುತ್ತದೆ. ಆದರೆ ಸಮಿತಿ ಇಂಗ್ಲಿಷನ್ನು ಶಾಲೆಯಿಂದ ಹೊರಗಿಡಲಿಲ್ಲ. ತ್ರಿಭಾಷಾ ಚೌಕಟ್ಟಿನೊಳಗೆ ಅದಕ್ಕೂ ಸ್ಥಾನವಿತ್ತು. ನೆಲದ ಭಾಷೆ ಮೊದಲು ನಿಲ್ಲಬೇಕು, ಉಳಿದ ಭಾಷೆಗಳು ಅದರ ಜೊತೆಯಲ್ಲಿ ಬರಬೇಕು ಎಂಬ ಕ್ರಮ ವರದಿಯಲ್ಲಿತ್ತು.

ಸಾಹಿತ್ಯ ಕೃಷಿ

ಕವಿಯಾಗಿ ಗೋಕಾಕರು ನವೋದಯ ಮತ್ತು ನವ್ಯಗಳೆರಡಕ್ಕೂ ಸಂಬಂಧಿಸಿದವರು. ಶ್ರೀ ಅರವಿಂದರ ತತ್ತ್ವದ ಪ್ರಭಾವ ಅವರ ಬರಹಗಳಲ್ಲಿ ಗಾಢವಾಗಿದೆ. 'ಸಮರಸವೇ ಜೀವನ' ಅವರ ಬೃಹತ್ ಕಾದಂಬರಿ. 'ದ್ಯಾವಾಪೃಥಿವೀ' ಕವನಸಂಕಲನಕ್ಕೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ವಿಶ್ವಾಮಿತ್ರನ ಸಾಧನೆಯನ್ನು ಕೇಂದ್ರವಾಗಿಟ್ಟುಕೊಂಡ 'ಭಾರತ ಸಿಂಧು ರಶ್ಮಿ' ಅವರ ಮಹಾಕಾವ್ಯ. 1961ರಲ್ಲಿ ಪದ್ಮಶ್ರೀ, 1990ನೆಯ ಸಾಲಿಗೆ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದವು.

ನಿಧನ ಮತ್ತು ಪರಂಪರೆ

ಗೋಕಾಕರು 28 ಏಪ್ರಿಲ್ 1992ರಂದು ಮುಂಬೈಯಲ್ಲಿ ನಿಧನರಾದರು.

ರಚನಾ ಪದ್ಧತಿ ಅವರ ಜೀವಿತಕಾಲದಲ್ಲಿಯೇ ಟೀಕೆಗೆ ಒಳಗಾಯಿತು. ದೊಡ್ಡ ತರಗತಿಗಳಲ್ಲಿ ಅದು ಅರ್ಥವಿಲ್ಲದ ಪುನರುಚ್ಚಾರಣೆಯಾಗಿ ಉಳಿಯುವುದು ಸಾಮಾನ್ಯವಾಗಿತ್ತು. ಕೈಯಲ್ಲಿರುವ ಪುಸ್ತಕವನ್ನು ತೋರಿಸಿ ಅದು ಪುಸ್ತಕವೇ ಎಂದು ಕೇಳುವಾಗ ತಿಳಿಯಬೇಕಾದುದು ಏನೂ ಇರುವುದಿಲ್ಲ. ಈ ಅತೃಪ್ತಿಯಿಂದಲೇ 1979ರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಎನ್. ಎಸ್. ಪ್ರಭು ಅವರ ಪ್ರಯೋಗ ಆರಂಭವಾಗಿ, ಬೆಂಗಳೂರು ಯೋಜನೆ ಎಂಬ ಹೆಸರಿನಲ್ಲಿ ವಿಶ್ವದ ಗಮನ ಸೆಳೆಯಿತು. ನಕ್ಷೆ, ವೇಳಾಪಟ್ಟಿ ಮುಂತಾದವುಗಳ ಮೇಲಿನ ಸಮಸ್ಯೆಗಳನ್ನು ಬಿಡಿಸುತ್ತಾ ಹೋದರೆ ವ್ಯಾಕರಣ ಒಳಗಿಂದೊಳಗೆ ರೂಪುಗೊಳ್ಳುತ್ತದೆ ಎಂಬುದು ಅದರ ನಿಲುವು. ಕಲಿಯುವವರು ಪರಸ್ಪರರ ತಪ್ಪುಗಳನ್ನೇ ರೂಢಿಸಿಕೊಳ್ಳಬಹುದೆಂದು ಪ್ರಭು ಅವರು ಜೋಡಿ ಮತ್ತು ಗುಂಪು ಚಟುವಟಿಕೆಗೆ ಒತ್ತು ನೀಡಲಿಲ್ಲ. ಇಂದಿನ ಬೋಧನೆಯಲ್ಲಿ ಜೋಡಿ ಮಾತಿಗೆ ಮತ್ತೆ ಸ್ಥಾನ ದೊರೆತಿದೆ. ಆದರೆ ಅದು ಗಿಳಿಪಾಠದ ರೂಪದಲ್ಲಲ್ಲ. ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರು ನಿಜವಾಗಿಯೂ ಕೇಳಿ ತಿಳಿಯಬೇಕಾದ ಸಂಭಾಷಣೆಯ ರೂಪದಲ್ಲಿ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬೋಧನೆಯಾಗುತ್ತಿದೆ. ಕನ್ನಡದ ಸ್ಥಾನ ಮತ್ತು ಇಂಗ್ಲಿಷ್ ಕಲಿಕೆಯ ಗುಣಮಟ್ಟ ಎಂಬ ಎರಡು ಪ್ರಶ್ನೆಗಳೂ ರಾಜ್ಯದ ಶಿಕ್ಷಣ ಚರ್ಚೆಯಲ್ಲಿ ಇಂದಿಗೂ ಜೀವಂತವಾಗಿದ್ದು, ಎರಡರ ಇತಿಹಾಸದಲ್ಲಿಯೂ ಗೋಕಾಕರ ಹೆಸರು ಉಳಿದಿದೆ.