ಲೂಕಾಸ್ ಮೇಷ್ಟರ 39 ಅಂಕಿಗಳು

ಈ ಶಾಲೆಯ ಗಣಿತ ಶಿಕ್ಷಕನಾದ ನಾನು ಸುವರ್ಣ ಮಹೋತ್ಸವ ಸಂಚಿಕೆಗಾಗಿ ಫ್ರಾನ್ಸಿನ ಎಡ್ವರ್ಡ್ ಲೂಕಾಸ್ ಅವರ ಬಗ್ಗೆ ಬರೆಯುತ್ತಿದ್ದೇನೆ. ಅವರೂ ನನ್ನಂತೆ ಹೈಸ್ಕೂಲು ಮೇಷ್ಟರಾಗಿದ್ದರು ಎಂಬುದೇ ಅದಕ್ಕೆ ಕಾರಣ.

ಲೂಕಾಸ್ ಹುಟ್ಟಿದ್ದು 1842ರ ಏಪ್ರಿಲ್ 4ರಂದು, ಅಮಿಯಾಂ ಪಟ್ಟಣದಲ್ಲಿ. ಕೆಲಕಾಲ ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದಲ್ಲಿ ದುಡಿದರು. 1870ರ ಪ್ರಷ್ಯಾ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದರು. ಯುದ್ಧ ಮುಗಿದ ಮೇಲೆ ಮೂಲಾಂ ಎಂಬ ಊರಿನಲ್ಲಿ, ಆಮೇಲೆ ಪ್ಯಾರಿಸ್ಸಿನಲ್ಲಿ ಪ್ರೌಢಶಾಲಾ ಶಿಕ್ಷಕರಾದರು.

ಅವರನ್ನು ಕಾಡಿದ್ದು ಒಂದು ಹಳೆಯ ಪ್ರಶ್ನೆ. 2ರ ಘಾತದಿಂದ 1 ಕಳೆದರೆ 3, 7, 31, 127 ಮುಂತಾದ ಅವಿಭಾಜ್ಯಗಳು ಸಿಗುತ್ತವೆ. ಆದರೆ ಘಾತ 11 ಆದಾಗ ಸಿಗುವ 2047, 23 ಮತ್ತು 89ರ ಗುಣಲಬ್ಧ. ಘಾತ 67 ಮತ್ತು 127 ಆದಾಗಲೂ ಅವಿಭಾಜ್ಯವೇ ಸಿಗುತ್ತದೆಂದು ಮರ್ಸೆನ್ ಎಂಬ ಪಾದ್ರಿ 1644ರಲ್ಲಿ ಬರೆದಿದ್ದರು. ಸಾಧನೆ ಮಾತ್ರ ಯಾರ ಬಳಿಯೂ ಇರಲಿಲ್ಲ.

ಘಾತ 127ರ ಸಂಖ್ಯೆ ಇದು: 170141183460469231731687303715884105727. ಒಟ್ಟು 39 ಅಂಕಿಗಳು. ಇದರ ವರ್ಗಮೂಲವೇ 20 ಅಂಕಿಯದು. ಒಂದೊಂದಾಗಿ ಭಾಗಿಸಿ ನೋಡಲು ಆಯುಷ್ಯ ಸಾಲದು. ಲೂಕಾಸ್ ಭಾಗಾಕಾರವನ್ನೇ ಕೈಬಿಟ್ಟು ಬೇರೊಂದು ಪರೀಕ್ಷೆ ಕಂಡುಹಿಡಿದರು. 1930ರಲ್ಲಿ ಲೆಹ್ಮರ್ ತಿದ್ದಿ ಸರಳಗೊಳಿಸಿದ ಅದರ ರೂಪವನ್ನು ನಮ್ಮ ಮಕ್ಕಳೂ ಮಾಡಬಲ್ಲರು. 4ರಿಂದ ಆರಂಭಿಸಿ, ವರ್ಗ ಮಾಡಿ, 2 ಕಳೆಯಿರಿ. ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. 31ಕ್ಕೆ ಮಾಡಿದರೆ 4, 14, 8, 0. ಘಾತ 5 ಆದ್ದರಿಂದ ಅದಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ.

ಇಂಥ ಲೆಕ್ಕವನ್ನು 39 ಅಂಕಿಗಳ ಮೇಲೆ ಕೈಯಲ್ಲೇ ಮಾಡಿ, 1876ರಲ್ಲಿ ಅದು ಅವಿಭಾಜ್ಯವೆಂದು ಲೂಕಾಸ್ ಸಾರಿದರು. ಘಾತ 67ರ ಬಗ್ಗೆ ಮಾತ್ರ ಮರ್ಸೆನ್ ಮಾತು ಸುಳ್ಳಾಯಿತು. ಒಂದೂ ಅಪವರ್ತನ ತೋರಿಸದೆಯೇ ಅದು ಅವಿಭಾಜ್ಯವಲ್ಲವೆಂದು ಲೂಕಾಸ್ ಹೇಳಿದರು. ಅದರ ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ, ಅಮೆರಿಕದ ಕೋಲ್ ಅವರಿಗೆ.

ಮಕ್ಕಳಿಗೆ ಇಷ್ಟವಾಗುವ ಹನೋಯ್ ಗೋಪುರದ ಆಟವೂ ಲೂಕಾಸರದೇ, 1883ರದು. ಮೂರು ಬಿಲ್ಲೆಗಳಿಗೆ 7 ನಡೆ, ಐದಕ್ಕೆ 31. ಬಿಲ್ಲೆಗಳು 127 ಇದ್ದರೆ ಬೇಕಾಗುವ ನಡೆಗಳು ಮೇಲಿನ 39 ಅಂಕಿಗಳಷ್ಟೇ!

1891ರಲ್ಲಿ ಒಂದು ಔತಣಕೂಟದಲ್ಲಿ ಪಿಂಗಾಣಿ ತಟ್ಟೆ ಒಡೆದು, ಚೂರು ಸಿಡಿದು ಅವರ ಕೆನ್ನೆಗೆ ಗಾಯವಾಯಿತು. ಗಾಯ ನಂಜಾಗಿ ಅಕ್ಟೋಬರ್ 3ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಅವರ ದಾಖಲೆ 1951ರವರೆಗೆ ಉಳಿಯಿತು. 2024ರಲ್ಲಿ ಸಿಕ್ಕ, ನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಅವಿಭಾಜ್ಯವನ್ನು ಕಂಪ್ಯೂಟರುಗಳು ಖಚಿತಪಡಿಸಿದ್ದೂ ಇದೇ ಪರೀಕ್ಷೆಯಿಂದ. ದೊಡ್ಡ ಗಣಿತ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಹುಟ್ಟುತ್ತದೆಂದು ನಮ್ಮ ಮಕ್ಕಳು ಅಂದುಕೊಳ್ಳಬಾರದು. ವರ್ಗ ಮಾಡಲು, ಕಳೆಯಲು, ಭಾಗಿಸಲು ಬಂದರೆ ಸಾಕು, ಆ ದಾರಿಯ ಮೊದಲ ಹೆಜ್ಜೆಯನ್ನು ಅವರು ಇದೇ ಕೊಠಡಿಗಳಲ್ಲಿ ಇಡಬಹುದು.