ಸಂವಿಧಾನದ ಮೊದಲ ಕರಡು ಬರೆದ ಬೆನಗಲ್ ನರಸಿಂಗ ರಾವ್

ಭಾರತದ ಸಂವಿಧಾನ ಎಂದೊಡನೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರು ನೆನಪಾಗುವುದು ಸಹಜ, ಅದು ನ್ಯಾಯವೂ ಹೌದು. ಆದರೆ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೆಲಸ ಆರಂಭಿಸಿದಾಗ ಅದರ ಮುಂದೆ ಒಂದು ಪೂರ್ಣ ಕರಡು ಸಿದ್ಧವಿತ್ತು. ಅದನ್ನು ರಚಿಸಿದವರು ಸಂವಿಧಾನ ರಚನಾ ಸಭೆಯ ಸದಸ್ಯರೇ ಅಲ್ಲದ, ಅಲ್ಲಿ ಮತದಾನದ ಹಕ್ಕಿಲ್ಲದ ಕರಾವಳಿಯ ಬೆನಗಲ್ ನರಸಿಂಗ ರಾವ್. ಸಭೆಯ ಕೊನೆಯ ದಿನಗಳಲ್ಲಿ ಸ್ವತಃ ಅಂಬೇಡ್ಕರ್ ಅವರೇ ಈ ಋಣವನ್ನು ಸ್ಮರಿಸಿದ್ದರು.

1887ರ ಫೆಬ್ರವರಿ 26ರಂದು ಸಾರಸ್ವತ ವೈದ್ಯ ಕುಟುಂಬವೊಂದರಲ್ಲಿ ಜನಿಸಿದ ರಾವ್, ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಹಾಗೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಓದಿದರು. ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ಬೆನಗಲ್ ರಾಮ ರಾವ್ ಹಾಗೂ ಪತ್ರಕರ್ತ ಶಿವ ರಾವ್ ಅವರ ತಮ್ಮಂದಿರು. 1910ರಲ್ಲಿ ಐ.ಸಿ.ಎಸ್. ಸೇರಿ ಬಂಗಾಳಕ್ಕೆ ಹೋದರು. ಭಾರತ ಸರ್ಕಾರದ 1935ರ ಕಾಯ್ದೆಗೆ ಅನುಗುಣವಾಗಿ ಹಳೆಯ ಶಾಸನಗಳನ್ನೆಲ್ಲ ಪರಿಷ್ಕರಿಸುವ ಶ್ರಮದ ಕೆಲಸ ಅವರ ಪಾಲಿಗೆ ಬಂತು. ಆ ಕಾಯ್ದೆಯ ಸಂದುಗೊಂದುಗಳೆಲ್ಲ ಅವರಿಗೆ ಪರಿಚಿತವಾದದ್ದು ಹೀಗೆ. ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾಗಿ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿ, ಅಲ್ಪಕಾಲ ಕಾಶ್ಮೀರದ ಪ್ರಧಾನಿಯಾಗಿ ದುಡಿದ ಬಳಿಕ 1946ರಲ್ಲಿ ಅವರು ಸಂವಿಧಾನ ಸಲಹೆಗಾರರಾದರು.

1947ರ ಅಕ್ಟೋಬರಿನ ಹೊತ್ತಿಗೆ ಸುಮಾರು 240 ವಿಧಿಗಳು, 13 ಅನುಸೂಚಿಗಳ ಕರಡು ಸಿದ್ಧವಾಯಿತು. ನ್ಯಾಯಾಲಯದ ಮೂಲಕ ಪಡೆಯಬಹುದಾದ ಮೂಲಭೂತ ಹಕ್ಕುಗಳನ್ನೂ ಆಡಳಿತಕ್ಕೆ ದಾರಿ ತೋರುವ ನಿರ್ದೇಶಕ ತತ್ವಗಳನ್ನೂ ಬೇರ್ಪಡಿಸಬೇಕೆಂದು ಐರ್ಲೆಂಡಿನ ಮಾದರಿಯಲ್ಲಿ ಸಲಹೆ ನೀಡಿದವರು ರಾವ್. ನಿರ್ದೇಶಕ ತತ್ವಗಳ ಜಾರಿಗಾಗಿ ಮಾಡಿದ ಕಾನೂನು ಹಕ್ಕುಗಳಿಗೆ ವಿರುದ್ಧವಾದರೂ ಊರ್ಜಿತವಾಗಬೇಕು ಎಂಬ ಅವರ ಇನ್ನೊಂದು ಸಲಹೆ ಮಾತ್ರ ಒಪ್ಪಿಗೆಯಾಗಲಿಲ್ಲ. ಹೆಚ್ಚುಕಡಿಮೆ ಅದೇ ವಿಚಾರ 1976ರ 42ನೇ ತಿದ್ದುಪಡಿಯಲ್ಲಿ ಮರಳಿ ಬಂದು, 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.

ಕರಡು ಮುಗಿಸಿದ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಪ್ರವಾಸ ಕೈಗೊಂಡರು. ವ್ಯಕ್ತಿಯ ಜೀವ ಹಾಗೂ ಸ್ವಾತಂತ್ರ್ಯವನ್ನು ಕಾನೂನಿನ ಯುಕ್ತ ಪ್ರಕ್ರಿಯೆಯಿಲ್ಲದೆ ಕಸಿಯಬಾರದು ಎಂಬ ಅಮೆರಿಕದ ಸೂತ್ರ ಆಗ ಭಾರತದ ಕರಡಿನಲ್ಲಿಯೂ ಇತ್ತು. ಕಾನೂನು ನ್ಯಾಯಯುತವೇ ಎಂದು ಕೇಳುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಡುತ್ತದೆ. ಜನರು ಆರಿಸಿದ ಶಾಸನಸಭೆಯ ಸುಧಾರಣೆಗಳಿಗೆ ಇದು ತೊಡಕಾಗುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ರಾವ್ ಅವರಿಗೆ ಅದು ಮನವರಿಕೆಯಾಯಿತು. ಭೂಸುಧಾರಣೆಯಂತಹ ಕಾನೂನುಗಳು ಕಾದಿದ್ದ ದೇಶದಲ್ಲಿ ಆ ಆತಂಕ ನಿರಾಧಾರವೇನಲ್ಲ. ಕರಡು ಸಮಿತಿಯೂ ಒಪ್ಪಿ, ಜಪಾನಿನ ಸಂವಿಧಾನವನ್ನು ಹೋಲುವ, ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಪದಗಳನ್ನು ಸೇರಿಸಿತು. ಕೆ.ಎಂ. ಮುನ್ಶಿ ಮೊದಲಾದವರ ವಿರೋಧ ಫಲಿಸಲಿಲ್ಲ. ಬಂಧಿತರಿಗೆ ಕನಿಷ್ಠ ರಕ್ಷಣೆಯಾದರೂ ಇರಲೆಂದು 1949ರಲ್ಲಿ ಅಂಬೇಡ್ಕರ್ ಬೇರೊಂದು ವಿಧಿ ತಂದರು. ಅದೇ ಈಗಿನ 22ನೇ ವಿಧಿ.

ಈ ಬದಲಾವಣೆಯ ಬೆಲೆ ಬೇಗನೆ ತಿಳಿಯಿತು. ವಿಚಾರಣೆಯಿಲ್ಲದೆ ಬಂಧಿತರಾಗಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮೊಕದ್ದಮೆಯಲ್ಲಿ, ಶಾಸನ ಹೇಳಿದ ಕ್ರಮ ಪಾಲನೆಯಾಗಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟಿನ ಬಹುಮತ 1950ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ರಾವ್ ಆಗ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಮರುತಿಂಗಳು ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿ ಅವರಿದ್ದರು. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಅವರು 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನರಾದರು.

ಅವರು ತೀರಿಕೊಂಡು 24 ವರ್ಷಗಳ ನಂತರ, 1978ರ ಜನವರಿಯಲ್ಲಿ, ಮೇನಕಾ ಗಾಂಧಿ ಪಾಸ್‌ಪೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಬೇಕೆಂದು ಹೇಳಿತು. ಕರಡಿನಿಂದ ಕೈಬಿಟ್ಟಿದ್ದ ಸೂತ್ರದ ತಿರುಳು ಹೀಗೆ ತೀರ್ಪಿನ ದಾರಿಯಲ್ಲಿ ಒಳಬಂತು. 21ನೇ ವಿಧಿಯ ಪದಗಳನ್ನು ಯಾರೂ ಬದಲಿಸಿಲ್ಲ.